ಮಳೆನೀರಿನ ವ್ಯವಸ್ಥೆ ಎಲ್ಲಿ ಕೆಟ್ಟಿದೆ? ಕೊಡಗಿನ ಪಟ್ಟಣದ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮಾರ್ಚ್ ಬಂತೆಂದರೆ ಅದೇ ಊರಿನ ಎತ್ತರದ ಮನೆಗಳಲ್ಲಿ ನೀರಿಗೆ ಕಾಯಬೇಕು. ಹಾಗಾಗಿ ಮನೆ, ಹೋಂಸ್ಟೇ, ಅಂಗಡಿ ಮಳಿಗೆ ಎಲ್ಲ ಕಡೆ ಮಳೆನೀರು ಹಿಡಿಯಲು ಶುರು ಮಾಡಿದ್ದಾರೆ. ತುಂಬ ಒಳ್ಳೆಯ ಕೆಲಸ.

ಆದರೆ ಈ ವ್ಯವಸ್ಥೆಗಳಲ್ಲಿ ಹೆಚ್ಚಿನವು ಬಯಲುಸೀಮೆಯ ಅಳತೆಗೆ ಮಾಡಿದವು. ಅಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ನಮ್ಮಲ್ಲಿ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಕೆಲವೇ ವಾರಗಳಲ್ಲಿ ಬೀಳುತ್ತದೆ. ಅಲ್ಲಿ ನೆಲ ಸಮತಟ್ಟು. ಇಲ್ಲಿ ಮನೆಯ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಮುಂದೆ ಇಳಿಜಾರು. ಆದ್ದರಿಂದ ಇಲ್ಲಿ ಕೆಡುವ ರೀತಿಯೂ ಬೇರೆ.

ಒಂದು ಮಾತು ಮೊದಲೇ ಹೇಳುತ್ತೇನೆ. ತೊಂದರೆ ಕಣ್ಣಿಗೆ ಕಾಣುವ ಜಾಗ ಒಂದು, ಅದು ಹುಟ್ಟುವ ಜಾಗ ಇನ್ನೊಂದು. ಫಿಲ್ಟರ್ ಕಟ್ಟಿಕೊಂಡರೆ ಕಾರಣ ಸೂರಿನ ಮೇಲಿರುತ್ತದೆ. ಬಾವಿ ಕೆಂಪಾದರೆ ಕಾರಣ ಅಂಗಳದಲ್ಲಿರುತ್ತದೆ. ಸೂರಿನಿಂದ ಶುರು ಮಾಡಿ ನೀರು ಹೋದ ದಾರಿಯಲ್ಲೇ ಇಳಿದು ಬನ್ನಿ.

ಏನನ್ನೂ ಬಿಚ್ಚುವ ಮೊದಲು

ಬಿಸಿಲಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಳೆ ಸುರಿಯುವಾಗ ಕೊಡೆ ಹಿಡಿದು ಹೊರಗೆ ಬನ್ನಿ. ವರ್ಷಕ್ಕೆ ಎರಡು ಸಲವಾದರೂ ನೋಡಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ಒಮ್ಮೆ, ಕಕ್ಕಡದ ಜಡಿಮಳೆಯಲ್ಲಿ ಇನ್ನೊಮ್ಮೆ. ಹೂಮಳೆಯಲ್ಲಿ ಕೊಳೆಯ ದೋಷ ಕಾಣುತ್ತದೆ. ಜಡಿಮಳೆಯಲ್ಲಿ ಅಳತೆಯ ದೋಷ ಕಾಣುತ್ತದೆ.

ಬೇಕಾಗುವುದು ಇಷ್ಟೇ: 10 ಲೀಟರಿನ ಒಂದು ಬಕೆಟ್, ಗಾಜಿನ ಒಂದು ಬಾಟಲಿ, ಟಾರ್ಚ್, ಉದ್ದನೆಯ ಕೋಲು, ಸಮಯ ನೋಡಲು ಫೋನು.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಇದೊಂದು ಲೆಕ್ಕ ನೆನಪಿದ್ದರೆ ಸಾಕು. 100 ಚದರ ಮೀಟರ್ ಸೂರಿನ ಮೇಲೆ ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ ಗಂಟೆಗೆ 10,000 ಲೀಟರ್. ಅಂದರೆ ಸೆಕೆಂಡಿಗೆ 2.8 ಲೀಟರ್. ಇಂಥ ಹೊಡೆತ ನಮ್ಮಲ್ಲಿ ಸ್ವಲ್ಪ ಹೊತ್ತು ಬಂದೇ ಬರುತ್ತದೆ.

ಈಗ ಬಕೆಟ್ ಪರೀಕ್ಷೆ. ಸೂರಿನಿಂದ ಇಳಿಯುವ ಪೈಪಿನ ಬುಡದಲ್ಲಿ ಬಕೆಟ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಕೂಡಲೇ ಟ್ಯಾಂಕಿನ ಬಾಯಲ್ಲಿ ಅದೇ ಬಕೆಟ್ ಇಟ್ಟು ನೋಡಿ. ಕೆಳಗೆ 5 ಸೆಕೆಂಡಿಗೆ ತುಂಬಿದ್ದು ಟ್ಯಾಂಕಿನ ಹತ್ತಿರ 15 ಸೆಕೆಂಡ್ ತೆಗೆದುಕೊಂಡರೆ, ಮೂರರಲ್ಲಿ ಎರಡು ಪಾಲು ನೀರು ನಡುವೆ ಎಲ್ಲೋ ಹೋಗಿದೆ. ಎರಡೂ ಕಡೆ ಒಂದೇ ವೇಗ ಇದ್ದು ಒಟ್ಟು ನೀರೇ ಕಡಿಮೆ ಇದ್ದರೆ ತೊಂದರೆ ಸೂರಿನ ಮೇಲಿದೆ. ಇಷ್ಟು ಮಾಡಿದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ದಂಬೆಯಿಂದ (ಸೂರಿನ ಅಂಚಿನಲ್ಲಿ ನೀರು ಹಿಡಿಯುವ ಕಾಲುವೆ) ನೀರು ಹೊರಗೆ ಚೆಲ್ಲುತ್ತಿದೆ

ಎಲ್ಲಿ ಚೆಲ್ಲುತ್ತಿದೆ ನೋಡಿ. ಇಳಿಪೈಪಿನ ಬಾಯಿಯ ಹತ್ತಿರವೇ ಚೆಲ್ಲಿದರೆ ಬಾಯಿ ಕಟ್ಟಿದೆ, ಇಲ್ಲವೇ ಪೈಪು ಸಣ್ಣದಾಗಿದೆ. ನಡುವೆ ಚೆಲ್ಲಿದರೆ ದಂಬೆ ಜೋತು ಬಿದ್ದಿದೆ. ಪೈಪಿನಿಂದ ದೂರದ ತುದಿಯಲ್ಲಿ ಚೆಲ್ಲಿದರೆ ಇಳಿಜಾರು ತಿರುಗಾಮುರುಗಾ ಆಗಿದೆ. ದಂಬೆಗೆ 100 ಅಡಿಗೆ ಅರ್ಧದಿಂದ ಒಂದು ಅಡಿಯಷ್ಟು ಇಳಿಜಾರು ಇರಬೇಕು.

ಮನೆ ಸುತ್ತ ಸಿಲ್ವರ್ ಓಕ್ ಇದ್ದರೆ ಮೊದಲ ಅನುಮಾನ ಅದರ ಎಲೆಯ ಮೇಲೆ ಇರಲಿ. ಬೇಸಿಗೆಯಲ್ಲಿ ರಾಶಿ ಉದುರುತ್ತದೆ, ಬೇಗ ಕೊಳೆಯುವುದಿಲ್ಲ. ಒಂದಕ್ಕೊಂದು ಸಿಕ್ಕಿಕೊಂಡು ಪೈಪಿನ ಮೊಣಕೈ ತಿರುವಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿಂದ ನೋಡಿದರೆ ಬಾಯಿ ಖಾಲಿ ಇರುತ್ತದೆ, ಒಳಗೆ ಕಟ್ಟಿರುತ್ತದೆ. ಕೋಲಿನಿಂದ ಪೈಪನ್ನು ಬಡಿದು ನೋಡಿ. ಟೊಳ್ಳು ಸದ್ದು ನಿಂತು ಮಂದ ಸದ್ದು ಬರುವ ಜಾಗದಲ್ಲಿ ಎಲೆ ಇದೆ.

ಎಲೆ ಇಲ್ಲದಿದ್ದರೂ ಚೆಲ್ಲುತ್ತಿದ್ದರೆ ಪೈಪಿನ ಲೆಕ್ಕ ನೋಡಿ. ಗಂಟೆಗೆ 100 ಮಿ.ಮೀ. ಮಳೆಗೆ 4 ಇಂಚಿನ ಒಂದು ಇಳಿಪೈಪು ಸುಮಾರು 85 ಚದರ ಮೀಟರ್ ಸೂರನ್ನು ನಿಭಾಯಿಸುತ್ತದೆ. ಅದಕ್ಕಿಂತ ದೊಡ್ಡ ಸೂರಿಗೆ ಎರಡನೇ ಪೈಪು, ಇಲ್ಲವೇ ಇನ್ನೂ ದಪ್ಪ ಪೈಪು ಬೇಕು. ಬೇರೆ ಉಪಾಯ ಇಲ್ಲ.

ಮೊದಲ ಕೊಳೆ ನೀರು ಹೊರಗೆ ಹೋಗುತ್ತಿಲ್ಲ

ನಾನು ನೋಡಿದ ಕಡೆಯಲ್ಲೆಲ್ಲ ಅತಿ ಹೆಚ್ಚು ಕಾಣುವ ದೋಷ ಇದು. ನಾಲ್ಕು ತಿಂಗಳು ಒಣಗಿದ ಸೂರಿನ ಮೇಲೆ ಧೂಳು, ಹಕ್ಕಿ ಹಿಕ್ಕೆ, ಪಾಚಿ ಎಲ್ಲ ಕೂತಿರುತ್ತದೆ. ಮೊದಲ 1ರಿಂದ 2 ಮಿ.ಮೀ. ಮಳೆ ಅದನ್ನು ತೊಳೆಯುತ್ತದೆ. 100 ಚದರ ಮೀಟರ್ ಸೂರಿಗೆ ಅದು 100ರಿಂದ 200 ಲೀಟರ್. ಆದರೆ ಹೆಚ್ಚಿನ ಮನೆಗಳಲ್ಲಿ ಅದಕ್ಕೆಂದು ಇಟ್ಟಿರುವುದು 4 ಇಂಚಿನ ಒಂದು ಮೀಟರ್ ಪೈಪು. ಅದರಲ್ಲಿ ಹಿಡಿಯುವುದು ಸುಮಾರು 8 ಲೀಟರ್. ಉಳಿದ ಕೊಳೆ ಅಷ್ಟೂ ನೇರವಾಗಿ ಫಿಲ್ಟರಿಗೆ.

ಪೈಪಿನ ತುದಿಯ ಮುಚ್ಚಳದಲ್ಲಿ ನೀರು ತೊಟ್ಟಿಕ್ಕಲು ಸಣ್ಣ ತೂತು ಇರುತ್ತದೆ. ಅದೂ ಕಟ್ಟಿದ್ದರೆ ಪೈಪು ಸದಾ ತುಂಬಿಯೇ ಇರುತ್ತದೆ. ಆಗ ಅದು ಇದ್ದೂ ಇಲ್ಲದ ಹಾಗೆ. ಮಳೆ ನಿಂತ ಮರುದಿನ ಮುಚ್ಚಳ ಬಿಚ್ಚಿ ನೋಡಿ. ಒಳಗೆ ನೀರಿದ್ದರೆ ತೂತು ಕಟ್ಟಿದೆ.

100 ಲೀಟರ್ ಹಿಡಿಯುವ ಪೈಪು ಹಾಕುವುದು ಕಷ್ಟ. ಅದರ ಬದಲು ಇಳಿಪೈಪಿಗೆ ಕೈಯಿಂದ ತಿರುಗಿಸುವ ಒಂದು ದೊಡ್ಡ ವಾಲ್ವ್ ಇಡುವುದು ಮೇಲು. ಹೂಮಳೆಯ ನೀರನ್ನೂ ಜೂನ್‌ನ ಮೊದಲ ಒಂದೆರಡು ಮಳೆಯ ನೀರನ್ನೂ ಹೊರಗೆ ಬಿಡಿ. ಗಿಡಗಳಿಗೆ ಹೋಗಲಿ. ಜುಲೈನಲ್ಲಿ ದಿನವೂ ಸೂರು ತೊಳೆದುಕೊಳ್ಳುತ್ತದೆ, ಆಗ ಪ್ರತಿ ಸಲ ಬಿಡಬೇಕಿಲ್ಲ. ಮೂರು-ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಬಂದ ಮಳೆಗೆ ಮಾತ್ರ ಬಿಟ್ಟರೆ ಸಾಕು.

ಫಿಲ್ಟರ್ ಉಕ್ಕುತ್ತಿದೆ, ಅಥವಾ ಕೊಳೆ ನೀರನ್ನೇ ಬಿಡುತ್ತಿದೆ

ಡ್ರಮ್ಮಿನಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿದ ಫಿಲ್ಟರ್ ನಮ್ಮ ಕಡೆ ಜಾಸ್ತಿ. ಅದು ಮಳೆಯಲ್ಲಿ ಉಕ್ಕಿದರೆ ಎಲ್ಲರೂ ಮರಳು ತೆಗೆದು ತೊಳೆಯಲು ಓಡುತ್ತಾರೆ. ಸ್ವಲ್ಪ ತಾಳಿ, ಮೊದಲು ಲೆಕ್ಕ ಹಾಕೋಣ. 200 ಲೀಟರ್ ಡ್ರಮ್ಮಿನ ಬಾಯಿ ಸುಮಾರು ಕಾಲು ಚದರ ಮೀಟರ್. ವೇಗವಾಗಿ ಸೋಸುವ ಮರಳು ಕೂಡ ಒಂದು ಚದರ ಮೀಟರಿಗೆ ಗಂಟೆಗೆ 5,000 ಲೀಟರ್ ಆಸುಪಾಸು ಬಿಡುತ್ತದೆ. ಅಂದರೆ ನಿಮ್ಮ ಡ್ರಮ್ಮು ಗಂಟೆಗೆ ಸುಮಾರು 1,250 ಲೀಟರ್ ಬಿಟ್ಟೀತು. ಸೂರಿನಿಂದ ಬರುವುದು 10,000. ಡ್ರಮ್ಮು ಹೊಸದಾಗಿದ್ದರೂ ಉಕ್ಕುತ್ತದೆ, ಅಲ್ವಾ?

ಆದ್ದರಿಂದ ಮಲೆನಾಡಿನ ಮಳೆಗೆ ಮರಳು ಫಿಲ್ಟರನ್ನು ಟ್ಯಾಂಕಿನ ಮುಂಚೆ ಇಡುವುದೇ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಟ್ಯಾಂಕಿನ ಮುಂಚೆ ಎಲೆ ಕಸ ತಡೆಯುವ ಸ್ಟೀಲ್ ಜಾಲರಿ ಸಾಕು. ಟ್ಯಾಂಕಿನಲ್ಲಿ ನೀರು ತಿಳಿಯಾದ ಮೇಲೆ, ಬಳಸಲು ತೆಗೆಯುವಾಗ, ಮರಳಿನಲ್ಲಿ ನಿಧಾನವಾಗಿ ಸೋಸಿ.

ಸಣ್ಣ ಮಳೆಯಲ್ಲೂ ಉಕ್ಕುತ್ತಿದ್ದರೆ ಮಾತ್ರ ಅದು ನಿಜವಾಗಿ ಕಟ್ಟಿದೆ. ಮೇಲೆ ನೀರು ನಿಂತು ಕೆಳಗಿನ ನಲ್ಲಿಯಲ್ಲಿ ಬರದಿದ್ದರೆ ಮೇಲಿನ ಒಂದು ಇಂಚು ಮರಳು ಕೆರೆದು ತೆಗೆಯಿರಿ. ಕೊಳೆ ಬಹುತೇಕ ಅಲ್ಲೇ ಇರುತ್ತದೆ. ಇಡೀ ಡ್ರಮ್ ಖಾಲಿ ಮಾಡುವ ಅಗತ್ಯ ಇಲ್ಲ. ವಾರದೊಳಗೆ ಮತ್ತೆ ಕಟ್ಟಿದರೆ ಹಿಂದಿನ ಭಾಗಕ್ಕೆ ಹೋಗಿ. ಮೊದಲ ನೀರು ಹೊರಗೆ ಹೋಗುತ್ತಿಲ್ಲ ಎಂದೇ ಅರ್ಥ.

ನೀರು ಸರಾಗವಾಗಿ ಬಂದರೂ ಕೊಳೆಯಾಗಿದ್ದರೆ ಪದರಗಳು ಬೆರೆತಿವೆ, ಅಥವಾ ನೀರು ಡ್ರಮ್ಮಿನ ಅಂಚಿನಲ್ಲಿ ದಾರಿ ಮಾಡಿಕೊಂಡಿದೆ. ನಡುವೆ ಒಂದು ಬಕೆಟ್ ನೀರು ನಿಧಾನವಾಗಿ ಸುರಿದು ಅಂಚನ್ನೇ ನೋಡುತ್ತಿರಿ, ಗೊತ್ತಾಗುತ್ತದೆ. ಇದ್ದಿಲನ್ನು ವರ್ಷಕ್ಕೊಮ್ಮೆ ಬದಲಾಯಿಸಿ.

ಟ್ಯಾಂಕಿನ ನೀರಿಗೆ ಬಣ್ಣ, ವಾಸನೆ

ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಗಸಿ, ಮೇಲೆ ತಿಳಿನೀರು ಇದ್ದರೆ ಮಣ್ಣು, ಧೂಳು. ಟ್ಯಾಂಕಿಗೆ ನೀರು ಮೇಲಿಂದ ಧುಮುಕಿ ತಳದ ಗಸಿಯನ್ನು ಕಲಕುತ್ತಿದೆ. ಒಳಪೈಪನ್ನು ತಳದವರೆಗೆ ಇಳಿಸಿ ತುದಿಯನ್ನು ಮೇಲ್ಮುಖ ತಿರುಗಿಸಿ. ರಾತ್ರಿ ಕಳೆದರೂ ಕಲಕಲಾಗಿಯೇ ಇದ್ದರೆ ನಯವಾದ ಜೇಡಿ. ಅದು ಮರಳಿನಲ್ಲಿ ನಿಲ್ಲುವುದಿಲ್ಲ, ಪಟಿಕ ಹಾಕಿ ಇಳಿಸಬೇಕು. 1000 ಲೀಟರಿಗೆ 20ರಿಂದ 30 ಗ್ರಾಂ ಸಾಕಾಗುತ್ತದೆ. ಚಹಾ ಬಣ್ಣ ಇದ್ದರೆ ಎಲೆಯ ಕಷಾಯ: ದಂಬೆ, ಜಾಲರಿ ನೋಡಿ. ಹಸಿರು ಇದ್ದರೆ ಟ್ಯಾಂಕಿನೊಳಗೆ ಬೆಳಕು ಬೀಳುತ್ತಿದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಗಾಳಿಯಿಲ್ಲದೆ ಕೊಳೆಯುತ್ತಿರುವ ಗಸಿ ಇದೆ. ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ದೊಡ್ಡ ಸಂಪಾದರೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಲು ಬಿಟ್ಟು, ಮೇಲೆ ಒಬ್ಬರು ನಿಂತಿದ್ದರೆ ಮಾತ್ರ ಇಳಿಯಿರಿ. ಸತ್ತ ಇಲಿ, ಹಲ್ಲಿ ಸಿಕ್ಕರೆ ತುಂಬಿ ಹೊರಹೋಗುವ ಪೈಪಿಗೆ ಜಾಲರಿ ಇಲ್ಲ. ಹೊಸ ಸಿಮೆಂಟ್ ಟ್ಯಾಂಕಿನ ನೀರು ಕೈಗೆ ಜಾರಿದ ಹಾಗೆ ಅನ್ನಿಸಿದರೆ ಅದು ಸಿಮೆಂಟಿನ ಕ್ಷಾರ. ಒಂದೆರಡು ಸಲ ತುಂಬಿ ಖಾಲಿ ಮಾಡಿದರೆ ಕಡಿಮೆಯಾಗುತ್ತದೆ. ಸೊಳ್ಳೆ ಹುಳು ಕಂಡರೆ ತಡ ಮಾಡಬೇಡಿ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು.

ಕುಡಿಯಲು ಬಳಸುವುದಾದರೆ ಕಣ್ಣಿಗೆ ತಿಳಿಯಾಗಿದೆ ಅಂತ ಸುಮ್ನೆ ನಂಬಬೇಡಿ. ಮಲದ ಸೂಕ್ಷ್ಮಾಣು ಇದೆಯೇ ನೋಡುವ ಸಣ್ಣ ಬಾಟಲಿ ಪರೀಕ್ಷೆ ಇದೆ. ಅದರಲ್ಲಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ನೀರು ಕೆಟ್ಟಿದೆ. ಆಗ 1000 ಲೀಟರಿಗೆ 2.5ರಿಂದ 4 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆ ಬಿಡಿ. ಕಲಕು ನೀರಿಗೆ ಹಾಕಿದರೆ ಪುಡಿ ಕೊಳೆಯ ಜೊತೆಗೇ ಖರ್ಚಾಗುತ್ತದೆ. ಮೊದಲು ತಿಳಿ ಮಾಡಿ, ಆಮೇಲೆ ಹಾಕಿ. ಕುಡಿಯುವ ನೀರನ್ನು ಹೇಗೂ ಕುದಿಸಿಯೇ ಕುಡಿಯಿರಿ.

ಇಂಗುಗುಂಡಿ ತುಂಬಿ ನಿಂತಿದೆ, ನೀರು ಇಳಿಯುತ್ತಿಲ್ಲ

ಇದನ್ನು ನಿಧಾನವಾಗಿ ಓದಿ. ಬೇರೆ ಊರಿನಲ್ಲಿ ಇದು ಬರೀ ನೀರಿನ ಪ್ರಶ್ನೆ. ಕೊಡಗಿನಲ್ಲಿ ಇದು ಮನೆಯ ಪ್ರಶ್ನೆ.

ಮೊದಲು ಗುಂಡಿಯ ಗಾತ್ರ. 2 ಮೀಟರ್ ಉದ್ದ, ಅಗಲ, ಆಳದ ಗುಂಡಿ 8,000 ಲೀಟರ್. ಆದರೆ ಜಲ್ಲಿ ತುಂಬಿದ ಮೇಲೆ ಉಳಿಯುವ ಜಾಗ ಹತ್ತರಲ್ಲಿ ನಾಲ್ಕು ಪಾಲು, ಸುಮಾರು 3,200 ಲೀಟರ್. 100 ಚದರ ಮೀಟರ್ ಸೂರಿನ ಮೇಲೆ 32 ಮಿ.ಮೀ. ಬಿದ್ದರೆ ಗುಂಡಿ ತುಂಬಿತು. ಜುಲೈನಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ವಿಶೇಷವೇನಲ್ಲ. ಹಾಗಾಗಿ ಗುಂಡಿ ತುಂಬುವುದು ದೋಷವಲ್ಲ. ತುಂಬಿದ ನೀರು ಹೊರಗೆ ಹೋಗಲು ಪೈಪು ಇಲ್ಲದಿರುವುದು ದೋಷ.

ಮಳೆ ನಿಂತ ಮೇಲೆ ನೀರು ಒಂದೆರಡು ದಿನದಲ್ಲಿ ಇಳಿಯಬೇಕು. ಏಪ್ರಿಲ್‌ನಲ್ಲೂ ಇಳಿಯದಿದ್ದರೆ ಗುಂಡಿ ಕಟ್ಟಿದೆ. ಜಲ್ಲಿಯ ಸಂದಿಯಲ್ಲಿ ಹೂಳು ಕೂತಿರಬಹುದು. ಇಲ್ಲವೇ ಜೆಸಿಬಿಯ ಬಕೆಟ್ ಹಸಿ ಮಣ್ಣಿನ ಗೋಡೆಯನ್ನು ಸಾರಿಸಿ ನುಣುಪು ಮಾಡಿ ಮಣ್ಣಿನ ಸಣ್ಣ ಸಂದಿಗಳನ್ನು ಮುಚ್ಚಿರಬಹುದು. ಜಲ್ಲಿ ತೆಗೆದು ಗೋಡೆಯನ್ನು ಗುದ್ದಲಿಯಿಂದ ಕೆರೆದು ಒರಟು ಮಾಡಿದರೆ ಎರಡನೆಯದು ಸರಿಯಾಗುತ್ತದೆ.

ಏಪ್ರಿಲ್‌ನಲ್ಲಿ ಇಳಿದು ಜುಲೈನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಗುಂಡಿ ಕೆಟ್ಟಿಲ್ಲ. ನೆಲ ಕುಡಿದು ತುಂಬಿದೆ. ಜಲ ಏಳುವ (ನೆಲದಿಂದ ಒರತೆ ಚಿಮ್ಮುವ) ಕಾಲದಲ್ಲಿ ನೆಲದೊಳಗೆ ಇನ್ನಷ್ಟು ನೀರು ತುಂಬಿಸಲು ಆಗುವುದಿಲ್ಲ. ತುಂಬಿಸಲೂಬಾರದು. ಗುಂಡಿಯನ್ನು ಇನ್ನೂ ಆಳ ಮಾಡಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಮುಖ್ಯ ಮಾತು. ಗುಂಡಿ ಎಲ್ಲಿದೆ? ಬರೆಯ ಮೇಲಿನ ಅಂಚಿನಲ್ಲೋ, ತಡೆಗೋಡೆಯ ಹಿಂದೆಯೋ, ಮಣ್ಣು ತುಂಬಿ ಮಟ್ಟ ಮಾಡಿದ ಜಾಗದಲ್ಲೋ ಇದ್ದರೆ ಇವತ್ತೇ ಅದಕ್ಕೆ ನೀರು ಬಿಡುವುದನ್ನು ನಿಲ್ಲಿಸಿ. ನೆನೆದ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿದ್ದನ್ನು ನಾವು ಕಂಡಿದ್ದೇವೆ. ಅವು ಇಂಗುಗುಂಡಿಯಿಂದ ಆದದ್ದಲ್ಲ. ಆದರೆ ಮಳೆಯಲ್ಲಿ ತುಂಬಿಕೊಂಡ ಇಳಿಜಾರು, ಅದರಲ್ಲೂ ಕಡಿದ ಇಳಿಜಾರು, ಏನು ಮಾಡಬಲ್ಲದು ಎಂದು ತೋರಿಸಿಕೊಟ್ಟವು. ಮನೆಯ ಹಿಂದಿನ ಬರೆಗೆ ನಮ್ಮ ಕೈಯಾರೆ ನೀರು ಕುಡಿಸುವುದು ಬೇಡ.

ಕಾಫಿ ತೋಟದಲ್ಲಿ ನೀರು ಇಂಗಲು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತೇವಲ್ಲ, ಇಲ್ಲಿ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಅಲ್ಲಿ ಗುಂಡಿ ಚಿಕ್ಕದು, ಚದುರಿದೆ, ಮರದ ಬೇರು ಮಣ್ಣನ್ನು ಹಿಡಿದಿದೆ. ಇಲ್ಲಿ ಇಡೀ ಸೂರಿನ ನೀರನ್ನು ಒಂದೇ ಜಾಗಕ್ಕೆ ಸುರಿಯುತ್ತಿದ್ದೇವೆ.

ಅಪಾಯದ ಗುರುತುಗಳನ್ನು ನೋಡಿಕೊಳ್ಳಿ. ಅಂಗಳದಲ್ಲಿ ಬರೆಗೆ ಸಮಾನಾಂತರವಾಗಿ ಉದ್ದನೆಯ ಬಿರುಕು. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ಮರ, ಕಂಬ ವಾಲುವುದು. ತಡೆಗೋಡೆಯ ಹೊಟ್ಟೆ ಉಬ್ಬುವುದು. ಗೋಡೆಯಲ್ಲಿ ನೀರಿಗೆಂದು ಬಿಟ್ಟ ಪೈಪುಗಳಲ್ಲಿ ತಿಳಿನೀರಿನ ಬದಲು ಕೆಂಪು ನೀರು ಬರುವುದು. ಜೋರು ಮಳೆಯಲ್ಲಿ ಆ ಪೈಪುಗಳು ಪೂರ್ತಿ ಒಣಗಿರುವುದೂ ಒಳ್ಳೆಯ ಲಕ್ಷಣವಲ್ಲ. ಅವು ಕಟ್ಟಿಕೊಂಡು ನೀರು ಹಿಂದೆ ನಿಂತಿರಬಹುದು. ಬಿರುಕು ಅಥವಾ ಕೆಂಪು ನೀರು ಕಂಡರೆ ರಿಪೇರಿ ಆಮೇಲೆ. ಮೊದಲು ಮನೆಯವರು ಹೊರಗೆ ಬರಬೇಕು, ಕೆಳಗಿನ ಮನೆಯವರಿಗೂ ಹೇಳಬೇಕು, ತಾಲ್ಲೂಕು ಆಡಳಿತಕ್ಕೆ ತಿಳಿಸಬೇಕು.

ಬರೆಯ ಮನೆಗಳಿಗೆ ನನ್ನ ಸಲಹೆ ಒಂದೇ. ಟ್ಯಾಂಕಿನಲ್ಲಿ ಹಿಡಿಯುವಷ್ಟು ಹಿಡಿಯಿರಿ. ಉಳಿದದ್ದನ್ನು ಮುಚ್ಚಿದ ಪೈಪಿನಲ್ಲಿ ಬರೆಯ ಬುಡದವರೆಗೆ ಇಳಿಸಿ, ಕಲ್ಲು ಹಾಸಿದ ಜಾಗದಲ್ಲಿ ವೇಗ ತಗ್ಗಿಸಿ, ಚರಂಡಿಗೋ ತೋಡಿಗೋ ಸೇರಿಸಿ.

ಮಳೆ ಬಂದರೆ ಬಾವಿ ಕೆಂಪಾಗುತ್ತದೆ

ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಕೆಂಪಾಗುತ್ತದೆ ಗಮನಿಸಿ. ಒಂದು ಗಂಟೆಯೊಳಗೆ ಆದರೆ ಅಂಗಳದ ನೀರು ಕಟ್ಟೆಯ ಮೇಲಿಂದಲೋ ಬುಡದ ಬಿರುಕಿನಿಂದಲೋ ನೇರವಾಗಿ ನುಗ್ಗುತ್ತಿದೆ. ಒಂದು ದಿನ ಕಳೆದು ಆದರೆ ಮಣ್ಣಿನೊಳಗಿಂದ, ರಿಂಗುಗಳ ಸಂದಿಯಿಂದ ಬರುತ್ತಿದೆ. ಬಿಸಿಲಿರುವಾಗ ಕನ್ನಡಿಯಿಂದ ಬೆಳಕು ಒಳಗೆ ಬಿಟ್ಟು ನೋಡಿದರೆ ಕೆಂಪು ಗೆರೆ ಇಳಿದಿರುವ ಜಾಗ ಕಾಣುತ್ತದೆ. ಬಾವಿಗೆ ಸೂರಿನ ನೀರು ಮಾತ್ರ ಬಿಡಿ, ಅದೂ ಸೋಸಿ. ಅಂಗಳದ, ರಸ್ತೆಯ ನೀರು ಬೇಡವೇ ಬೇಡ.

ಮೇಲಿನ ಮನೆಯ ಶೌಚದ ಗುಂಡಿ ಎಲ್ಲಿದೆ ಎಂದೂ ನೋಡಿ. 15 ಮೀಟರ್ ದೂರ ಇರಬೇಕು ಎನ್ನುವ ಲೆಕ್ಕ ಇಳಿಜಾರಿನಲ್ಲಿ ಸಾಲದೆ ಹೋಗಬಹುದು. ಅನುಮಾನ ಇದ್ದರೆ ಕಪ್ಪಾಗುವ ಬಾಟಲಿಯ ಪರೀಕ್ಷೆಯನ್ನು ಜುಲೈನಲ್ಲೇ ಮಾಡಿ.

ಕಕ್ಕಡದಲ್ಲಿ ಬಾವಿ ತಾನಾಗಿಯೇ ತುಂಬಿರುತ್ತದೆ. ಆಗ ಸುರಿದ ನೀರು ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಸೆಪ್ಟೆಂಬರ್ ಕೊನೆಯ ನಂತರದ ಮಳೆಯನ್ನು ಬಾವಿಗೆ ತಿರುಗಿಸಿದರೆ ಬೇಸಿಗೆಗೆ ಉಳಿಯುವ ಸಾಧ್ಯತೆ ಜಾಸ್ತಿ.

ಬೀದಿಯ ಮಳೆಚರಂಡಿ ನಾರುತ್ತದೆ, ಉಕ್ಕುತ್ತದೆ

ಮಳೆಚರಂಡಿ ಫೆಬ್ರವರಿ-ಮಾರ್ಚ್‌ನಲ್ಲಿ ಒಣಗಿರಬೇಕು. ನವೆಂಬರ್‌ವರೆಗೂ ನಮ್ಮಲ್ಲಿ ಒರತೆ ಹರಿಯುತ್ತದೆ, ಆಗ ನೋಡಿದರೆ ತಪ್ಪು ಲೆಕ್ಕ ಸಿಗುತ್ತದೆ. ಒಣ ಕಾಲದಲ್ಲೂ ನೀರಿದ್ದರೆ ಅದರ ಗುಣ ನೋಡಿ. ತಣ್ಣಗೆ, ತಿಳಿಯಾಗಿ, ದಿನವಿಡೀ ಒಂದೇ ಸಮ ಹರಿದರೆ ಒರತೆ, ಅಥವಾ ಒಡೆದ ಕುಡಿಯುವ ನೀರಿನ ಪೈಪು. ಬೂದು ಬಣ್ಣ, ನೊರೆ, ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ ಇದ್ದರೆ ಯಾರದೋ ಬಚ್ಚಲು, ಅಡುಗೆಮನೆ ಸೇರಿಕೊಂಡಿದೆ. ಯಾವ ಮನೆಯದು ಎಂದು ಊಹಿಸಿ ಜಗಳ ಬೇಡ. ಒಪ್ಪುವ ಮನೆಗಳ ಬಚ್ಚಲಿನಲ್ಲಿ ತಿಂಡಿಗೆ ಹಾಕುವ ಬಣ್ಣ ಕಲಸಿದ ಒಂದು ಬಕೆಟ್ ನೀರು ಬಿಟ್ಟು, ಕೆಳಗೆ ಚರಂಡಿಯಲ್ಲಿ ಒಬ್ಬರು ನಿಂತರೆ ಗೊತ್ತಾಗುತ್ತದೆ. ಒಂದೊಂದೇ ಮನೆ, ಒಂದೊಂದೇ ಬಣ್ಣ. ಹೋಟೆಲ್, ಹೋಂಸ್ಟೇ ಅಡುಗೆಮನೆಯಾದರೆ ಜಿಡ್ಡು ತಡೆಯುವ ತೊಟ್ಟಿ ಇದೆಯೇ, ಅದನ್ನು ಕೊನೆಗೆ ಯಾವಾಗ ಖಾಲಿ ಮಾಡಿದ್ದು ಎಂದು ಕೇಳಿ.

ಉಕ್ಕುವ ಕಾರಣ ಊರಿಂದ ಊರಿಗೆ ಬೇರೆ. ಮಡಿಕೇರಿ, ವಿರಾಜಪೇಟೆಯ ಇಳಿಜಾರಿನಲ್ಲಿ ನೀರಿಗೆ ವೇಗ ಇದೆ. ಉಕ್ಕುವುದು ತಿರುವಿನಲ್ಲಿ, ಮೋರಿಯ ಬಾಯಲ್ಲಿ. ಅಲ್ಲಿ ಪ್ಲಾಸ್ಟಿಕ್, ಕಟ್ಟಡದ ಮಣ್ಣು, ಮರಳು ಹುಡುಕಿ. ಹೂಳು ಕೆಂಪಾಗಿ ಹೊಸದಾಗಿದ್ದರೆ ಮೇಲೆ ಎಲ್ಲೋ ಮಣ್ಣು ಅಗೆಯುತ್ತಿದ್ದಾರೆ. ಅದನ್ನು ತಡೆಯದೆ ಚರಂಡಿ ಎಷ್ಟು ಸಲ ಎತ್ತಿದರೂ ಮತ್ತೆ ತುಂಬುತ್ತದೆ. ಕುಶಾಲನಗರದಲ್ಲಿ ಮಳೆ ಕಡಿಮೆ, ಆದರೆ ಊರು ಕಾವೇರಿಯ ದಡದಲ್ಲಿದೆ. ಹೊಳೆ ಏರಿ ಚರಂಡಿಯ ಬಾಯಿ ಮುಳುಗಿದರೆ ನೀರು ಹಿಂದಕ್ಕೆ ಒತ್ತುತ್ತದೆ. ಊರಿನಲ್ಲಿ ಮಳೆ ನಿಂತ ಮೇಲೂ ಚರಂಡಿ ಏರುತ್ತಿದ್ದರೆ ಕಾರಣ ಅದೇ. ಹೂಳೆತ್ತಿದರೆ ಪ್ರಯೋಜನ ಇಲ್ಲ. ಹೊರಗೆ ಮಾತ್ರ ತೆರೆಯುವ ಕದ ಚರಂಡಿಯ ಬಾಯಿಗೆ ಬೇಕು. ತಗ್ಗಿನ ಮನೆಗಳು ಖಾಲಿ ಮಾಡಲು ತಯಾರಿರಬೇಕು.

ನಗರಸಭೆಗೋ ಪುರಸಭೆಗೋ ದೂರು ಕೊಡುವಾಗ "ಚರಂಡಿ ನಾರುತ್ತಿದೆ" ಅಂತಷ್ಟೇ ಬರೆದರೆ ಒಂದು ಸಲ ಬ್ಲೀಚಿಂಗ್ ಪುಡಿ ಎರಚಿ ಹೋಗುತ್ತಾರೆ. ದಿನಾಂಕ, ಹೊತ್ತು, ಮಳೆ ಇತ್ತೋ ಇಲ್ಲವೋ, ನೀರಿನ ಬಣ್ಣ, ಯಾವ ಮೋರಿಯಿಂದ ಯಾವ ಮೋರಿಯ ನಡುವೆ ಶುರುವಾಗುತ್ತದೆ, ಇಷ್ಟನ್ನು ಫೋಟೋ ಜೊತೆ ಕೊಡಿ. ಬೆಳಿಗ್ಗೆ ಎಂಟಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು ಫೋಟೋ ಇದ್ದರೆ ಅದು ಒರತೆಯಲ್ಲ, ಬಚ್ಚಲಿನ ನೀರು ಎಂದು ಎಂಜಿನಿಯರಿಗೆ ಬೇರೆ ಹೇಳಬೇಕಿಲ್ಲ. ಸರಿಪಡಿಸಿದ ಮೇಲೆ ಅದೇ ಎರಡು ಹೊತ್ತಿಗೆ ಮತ್ತೆ ಹೋಗಿ ನೋಡಿ. ಚರಂಡಿಯ ತಳ ಒಣಗಿದ್ದರೆ ಬಚ್ಚಲಿನ ಜೋಡಣೆ ಕಡಿದುಹೋಗಿದೆ. ತೇವ ಉಳಿದಿದ್ದರೆ ಇನ್ನೊಂದು ಮನೆ ಬಾಕಿ ಇದೆ, ಬಣ್ಣದ ಬಕೆಟ್ ಮತ್ತೆ ತೆಗೆಯಿರಿ.